ಆಹ್ವಾನವೋ, ಹಾಜರಿ ಪಟ್ಟಿಯೋ?

ಪರದೇಶದ ಮುಖಂಡರೊಬ್ಬರು ನಮ್ಮ ದೇಶದ ಯಾವುದಾದರೊಂದು ಪಟ್ಟಣಕ್ಕೆ ಬರುತ್ತಾರೆಂಬ ಸುದ್ದಿ ಹುಟ್ಟಿದ ಕೂಡಲೇ ಅಧಿಕಾರಾರೂಢರಿಗೆ ಎರಡು ಚಿಂತೆಗಳು ಹತ್ತಿಕೊಳ್ಳುತ್ತವೆ. ಅತಿಥಿಗಳ ಕಣ್ಣಿಗೆ ಬೀಳಬಾರದ್ದು ಬೀಳದಂತೆ ನೋಡಿಕೊಳ್ಳುವುದು ಒಂದು. ಬೀಳಬೇಕಾದ ಜನಜಂಗುಳಿ ತಪ್ಪದೆ ಬೀಳುವಂತೆ ಮಾಡುವುದು ಇನ್ನೊಂದು. ಮೊದಲನೆಯ ಚಿಂತೆಗೆ ಸುಣ್ಣ ಬಣ್ಣ, ಹಸಿರು ಪರದೆ, ಹೊಸ ಗೋಡೆಗಳ ಪರಿಹಾರವುಂಟು. ಎರಡನೆಯದಕ್ಕೆ ಪರಿಹಾರವಾಗಿ ಒದಗತಕ್ಕವರು ಗುಮಾಸ್ತೆಗಳು, ಶಾಲಾ ಮಾಸ್ತರುಗಳು, ಜವಾನರು, ಅಂಗನವಾಡಿಯ ಹೆಣ್ಣುಮಕ್ಕಳು. ಇವರಿಗೆ "ಆಹ್ವಾನ" ಹೋಗುತ್ತದೆ.

ಆ ಆಹ್ವಾನ ಎಂಥದ್ದೆಂಬುದನ್ನು ಸರ್ಕಾರಿ ಸಮಾರಂಭಗಳಿಗೆ ಜನ ಕೂಡಿಸುವ ಕ್ರಮವನ್ನು ಒಮ್ಮೆಯಾದರೂ ಕಂಡವರು ಬಲ್ಲರು. ಮದುವೆಯ ಕರೆಯೋಲೆ ಮನೆಗೆ ಬರುತ್ತದೆ. ಹೋಗುವುದು ಬಿಡುವುದು ನಮ್ಮ ಇಷ್ಟ. ಈ ಕರೆಯೋಲೆ ಕಚೇರಿಗೆ ಬರುತ್ತದೆ. ಇಂಥ ಇಲಾಖೆಯಿಂದ ಇಷ್ಟು ಜನ ಎಂಬ ಲೆಕ್ಕ ಅದರ ಬೆನ್ನಿಗೇ ಬರುತ್ತದೆ. ಬಸ್ಸು ಎಷ್ಟು ಗಂಟೆಗೆ ಎಲ್ಲಿ ನಿಲ್ಲುತ್ತದೆಂದು ತಿಳಿಸುತ್ತಾರೆ. ಹತ್ತಿದವರ ಹೆಸರು ಬರೆದುಕೊಳ್ಳಲು ಒಬ್ಬರನ್ನು ನೇಮಿಸುತ್ತಾರೆ. ಹೋಗದಿದ್ದರೆ ಏನಾಗುತ್ತದೆಂದು ಯಾರೂ ಬರೆಯುವುದಿಲ್ಲ. ಬರೆಯುವ ಅವಶ್ಯಕತೆಯೂ ಇಲ್ಲ. ವರ್ಗಾವಣೆ ಯಾರ ಕೈಯಲ್ಲಿದೆ, ರಜೆ ಮಂಜೂರು ಮಾಡುವವರು ಯಾರು, ವರ್ಷಾಂತ್ಯಕ್ಕೆ ತನ್ನ ಬಗ್ಗೆ ವರದಿ ಬರೆಯುವವರು ಯಾರು ಎಂಬುದು ನೌಕರನಿಗೆ ಚೆನ್ನಾಗಿ ಗೊತ್ತಿದೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೆ. ಇಲ್ಲವೆನ್ನಲು ಬಾರದ ಕರೆಯನ್ನು ಆಹ್ವಾನವೆಂದು ಕರೆಯಕೂಡದು, ಅದು ಹುಕುಂ. ಆ ಹುಕುಮಿನಿಂದ ಅನ್ಯಾಯವಾಗುವುದು ಬಿಸಿಲಲ್ಲಿ ಕೂತ ನೌಕರನೊಬ್ಬನಿಗೇ ಅಲ್ಲ. ಅದೇ ದಿನ ಕಚೇರಿಯ ಕಿಟಕಿಯ ಮುಂದೆ ಬಂದು ನಿಂತು ಬರಿಗೈಯಲ್ಲಿ ವಾಪಸು ಹೋದ ಕಾರ್ಮಿಕನಿಗೂ ವ್ಯಾಪಾರಿಗೂ ಅನ್ಯಾಯವಾಗುತ್ತದೆ. ಕೂಲಿ ಕೊಟ್ಟು ಕೂಡಿಸಿದ ಜನವನ್ನು ಜನತೆಯೆಂದು ನಂಬಿಸಿ ಅತಿಥಿಗೂ ಮೋಸ ಮಾಡಲಾಗುತ್ತದೆ.

ನಾವು ಅತಿಥಿಗಳ ವಿರೋಧಿಗಳಲ್ಲ. ಬೇರೆ ದೇಶದ ಪ್ರತಿನಿಧಿಗಳು ಬರಬೇಕು, ನಮ್ಮ ಊರು ಕೇರಿ ನೋಡಬೇಕು, ಮಾತುಕತೆ ನಡೆಯಬೇಕು. ಲೋಕಶಾಂತಿಗೆ ಅದು ಒಳ್ಳೆಯದೇ. ಬಂದವರು ಅಮೆರಿಕದವರೇ ರಷ್ಯದವರೇ ಚೀನದವರೇ ಎಂಬುದನ್ನು ನೋಡಿಕೊಂಡು ನಮ್ಮ ಮಾತು ಬದಲಾಗುವುದೂ ಇಲ್ಲ. ಪ್ರಶ್ನೆಯಿರುವುದು ಅತಿಥಿಯ ಬಗೆಗಲ್ಲ, ಅತಿಥೇಯರು ಮಾಡುವ ನಾಟಕದ ಬಗೆಗೆ.

ತಾವಾಗಿ ಬಂದವರು, ತಂದು ಕೂಡಿಸಿದವರು

ನಮ್ಮ ಜನಕ್ಕೆ ಅತಿಥಿ ಸತ್ಕಾರ ಗೊತ್ತಿಲ್ಲ, ಸುತ್ತೋಲೆ ಹೊರಡಿಸದಿದ್ದರೆ ಬೀದಿ ಬಣಬಣ ಅನ್ನುತ್ತದೆ ಎಂದು ಅಧಿಕಾರಿಗಳು ವಾದಿಸುವುದುಂಟು. ಇದು ಸುಳ್ಳು. 1955ರ ನವೆಂಬರ್ ಕೊನೆಯಲ್ಲಿ ಸೋವಿಯತ್ ಮುಖಂಡರಾದ ಬುಲ್ಗಾನಿನ್ ಮತ್ತು ಕ್ರುಶ್ಚೇವ್ ಕಲ್ಕತ್ತೆಗೆ ಬಂದಾಗ ಲಕ್ಷೋಪಲಕ್ಷ ಜನ ರಸ್ತೆಗಿಳಿದರು. ತೆರೆದ ಕಾರು ಜನಸಾಗರದಲ್ಲಿ ಮುಂದೆ ಹೋಗಲಾರದೆ ನಿಂತು, ಅತಿಥಿಗಳನ್ನು ಪೊಲೀಸರ ಮುಚ್ಚಿದ ವ್ಯಾನಿಗೆ ಹತ್ತಿಸಿ ಕರೆದೊಯ್ಯಬೇಕಾಯಿತು. 1959ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ದಿಲ್ಲಿಗೆ ಬಂದಾಗಲೂ ಹಾಗೆಯೇ ಆಯಿತು. ಜನ ಕಾರಿಗೆ ಮುತ್ತಿಕೊಂಡಾಗ ಪ್ರಧಾನಿ ನೆಹರೂ ಅವರೇ ಕೆಳಗಿಳಿದು ದಾರಿ ಬಿಡಿಸಬೇಕಾಗಿ ಬಂತು. ಆಗಲೂ ಸ್ವಾಗತ ಕಮಾನುಗಳಿದ್ದವು, ಸರ್ಕಾರದ ಏರ್ಪಾಟುಗಳಿದ್ದವು. ಆದರೆ ಯಾವ ಏರ್ಪಾಟೂ ಅಂಥ ಜನಸಂದಣಿಯನ್ನು ಹುಟ್ಟಿಸಲಾರದು. ಏರ್ಪಾಟನ್ನೇ ಮುರಿದು ನುಗ್ಗಿದ ಜನ ಅದು. ರಷ್ಯದವರನ್ನು ನೋಡಲು ಬಂದ ದೇಶವೇ ಅಮೆರಿಕದವರನ್ನು ನೋಡಲೂ ಬಂತು. ಹೊಸದಾಗಿ ಸ್ವತಂತ್ರವಾದ ನಾಡಿಗೆ ಲೋಕದ ದೊಡ್ಡವರು ಸಮಾನರಾಗಿ ಬಂದಿದ್ದಾರೆಂಬ ಹುಮ್ಮಸ್ಸು ಅದಾಗಿತ್ತು.

ಇದಕ್ಕೆ ತದ್ವಿರುದ್ಧವಾದ ಚಿತ್ರವೂ ನಮ್ಮ ಚರಿತ್ರೆಯಲ್ಲಿದೆ. 1911ರ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ಐದನೆಯ ಜಾರ್ಜ್ ದೊರೆಯ ದರ್ಬಾರು ನಡೆಯಿತು. ದೇಶದ ರಾಜಮಹಾರಾಜರೆಲ್ಲ ಬಂದು ಬಾಗಿ, ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಸರಿಯಬೇಕೆಂಬುದು ಕ್ರಮ. ಬರೋಡದ ಸಯಾಜಿರಾವ್ ಗಾಯಕವಾಡರು ಒಮ್ಮೆ ಬಾಗಿ, ಬೆನ್ನು ತಿರುಗಿಸಿ ನಡೆದರು. ಅಷ್ಟಕ್ಕೇ ಗದ್ದಲವೆದ್ದು, ಅವರು ಕ್ಷಮಾಪಣೆಯ ಕಾಗದ ಬರೆದುಕೊಡಬೇಕಾಯಿತು. ಆನೆ ಅಂಬಾರಿಯಿದ್ದ ಮಹಾರಾಜರ "ಆಹ್ವಾನ"ದ ಪಾಡೇ ಇದಾದರೆ, ತಾಲ್ಲೂಕು ಕಚೇರಿಯ ಎರಡನೆಯ ದರ್ಜೆ ಗುಮಾಸ್ತೆಯ ಪಾಡನ್ನು ಓದುಗರೇ ಊಹಿಸಬಹುದು.

ಹತ್ತು ವರ್ಷಗಳ ಅನಂತರ, 1921ರ ನವೆಂಬರ್ 17ರಂದು, ಆ ದೊರೆಯ ಮಗ, ವೇಲ್ಸ್ ರಾಜಕುಮಾರ, ಬೊಂಬಾಯಿಯಲ್ಲಿ ಬಂದಿಳಿದನು. ಅವನ ಸ್ವಾಗತವನ್ನು ಬಹಿಷ್ಕರಿಸಬೇಕೆಂದು ಕಾಂಗ್ರೆಸ್ ಕರೆಕೊಟ್ಟಿತ್ತು. ಡಿಸೆಂಬರಿನಲ್ಲಿ ಅಲಹಾಬಾದಿಗೆ ಹೋದಾಗ ಬೀದಿಗಳು ಬರಿದಾಗಿದ್ದವು, ಅಂಗಡಿಗಳು ಮುಚ್ಚಿದ್ದವು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಬಾರದೆ ಖಾಲಿ ಬಿದ್ದ ಆಸನಗಳಲ್ಲಿ ಹೈಸ್ಕೂಲು ಹುಡುಗರನ್ನೂ ಸ್ಕೌಟುಗಳನ್ನೂ ಯೂರೋಪಿಯನರನ್ನೂ ತಂದು ಕೂರಿಸಿದರು. ಮುಂದೆ ಪಟ್ಟ ಬಿಟ್ಟ ಮೇಲೆ, 1951ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ, ಆ ರಾಜಕುಮಾರನೇ ಈ ಸಂಗತಿಯನ್ನು ಬರೆದಿದ್ದಾನೆ. ಅಂದರೆ ಕುರ್ಚಿ ತುಂಬಿಸಿದವರ ಜಾಣತನ ವೇದಿಕೆಯ ಮೇಲಿದ್ದವನಿಗೆ ಅಂದೇ ತಿಳಿದುಹೋಗಿತ್ತು. ಖಾಲಿ ಕುರ್ಚಿಗಿಂತ ಕಳ್ಳ ಕುರ್ಚಿಯೇ ಹೆಚ್ಚು ನಾಚಿಕೆಗೇಡೆಂಬುದು ನಮ್ಮ ಅಧಿಕಾರಿಗಳಿಗೆ ಅಂದೂ ಹೊಳೆಯಲಿಲ್ಲ, ಇಂದೂ ಹೊಳೆದಿಲ್ಲ.

ಬಿಳಿಯರ ಆಳಿಕೆ 1947ಕ್ಕೆ ಮುಗಿಯಿತು. ದರ್ಬಾರಿನ ಬುದ್ಧಿ ಮುಗಿಯಿತೇ? 2020ರ ಫೆಬ್ರುವರಿ 24ರಂದು ಅಹಮದಾಬಾದಿನಲ್ಲಿ ನಡೆದದ್ದನ್ನು ನೋಡೋಣ. ಅಮೆರಿಕದ ಅಧ್ಯಕ್ಷ ಟ್ರಂಪ್ ಅವರು ಆ ಊರಿನಲ್ಲಿ ಇರಲಿದ್ದದ್ದು ಸುಮಾರು ಮೂರು ಗಂಟೆಗಳ ಕಾಲ. ಅದಕ್ಕಾಗಿ ಗುಜರಾತಿನಲ್ಲಿ 80ರಿಂದ 85 ಕೋಟಿ ರೂಪಾಯಿ ಖರ್ಚಾಗುತ್ತದೆಂದು ಸುದ್ದಿಸಂಸ್ಥೆ ವರದಿ ಮಾಡಿತು. ವಿಮಾನ ನಿಲ್ದಾಣದ ದಾರಿಯಲ್ಲಿ ಸರಣಿಯಾವಾಸವೆಂಬ ಬಡವರ ಕೇರಿಯ ಮುಂದೆ ಗೋಡೆಯೆದ್ದಿತು. ಒತ್ತುವರಿ ತಡೆಯಲು ಕಟ್ಟಿದ್ದೆಂದು ನಗರಪಾಲಿಕೆ ಸಮಜಾಯಿಷಿ ಕೊಟ್ಟಿತು. ಅತಿಥಿ ಬರುವ ವಾರದಲ್ಲಿಯೇ ಒತ್ತುವರಿಯ ನೆನಪು ಬಂದದ್ದೇಕೆಂಬುದಕ್ಕೆ ಸಮಜಾಯಿಷಿ ಬರಲಿಲ್ಲ. ದಾರಿಯಲ್ಲಿ 70 ಲಕ್ಷ ಜನ ನಿಲ್ಲುತ್ತಾರೆಂದು ಅತಿಥಿಗಳು ಮೊದಲು ಹೇಳಿದರು, ಆಮೇಲೆ ಒಂದು ಕೋಟಿ ಎಂದರು. 2011ರ ಜನಗಣತಿಯಲ್ಲಿ ಆ ನಗರಪಾಲಿಕೆಯ ಜನಸಂಖ್ಯೆಯೇ ಸುಮಾರು 55 ಲಕ್ಷ! ಕಡೆಗೆ ನಗರಪಾಲಿಕೆಯ ಕಮಿಷನರರೇ ದಾರಿಯುದ್ದಕ್ಕೂ ಒಂದೆರಡು ಲಕ್ಷ ಜನರೆಂಬ ಲೆಕ್ಕ ಕೊಟ್ಟರು.

ಇದಕ್ಕೂ ಸೊಗಸಾದ ಸಂಗತಿ ಇನ್ನೊಂದಿದೆ. ಇಷ್ಟೆಲ್ಲ ಆಹ್ವಾನ ಕೊಡುತ್ತಿರುವವರು ಯಾರು ಎಂದು ಪತ್ರಕರ್ತರು ಕೇಳಿದಾಗ, ಸರ್ಕಾರವಲ್ಲ, "ಡೊನಾಲ್ಡ್ ಟ್ರಂಪ್ ನಾಗರಿಕ ಅಭಿನಂದನ ಸಮಿತಿ" ಎಂದು ವಿದೇಶಾಂಗ ಇಲಾಖೆಯ ವಕ್ತಾರರು ಉತ್ತರಿಸಿದರು. ಅಲ್ಲಿಯವರೆಗೆ ಆ ಸಮಿತಿಯ ಹೆಸರನ್ನು ಯಾರೂ ಕೇಳಿರಲಿಲ್ಲ. ಅದಕ್ಕೆ ನಗರದ ಮೇಯರರೇ ಅಧ್ಯಕ್ಷರೆಂದು ಆಮೇಲೆ ತಿಳಿಯಿತು. ರಸ್ತೆ ಸರ್ಕಾರದ್ದು, ಪೊಲೀಸು ಸರ್ಕಾರದ್ದು, ದೀಪ ಬಣ್ಣ ನಗರಪಾಲಿಕೆಯದ್ದು, ಹೆಸರು ಮಾತ್ರ ನಾಗರಿಕರದ್ದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಸಮಿತಿಗಳನ್ನು ನೋಡಿಯೇ ಇರಬೇಕು.

ತನ್ನ ಅನ್ನಕ್ಕೆ ಕೂಡಿದರೆ ಅಪರಾಧ

ಇನ್ನು ನೌಕರನ ಕಡೆಯಿಂದ ನೋಡೋಣ. ಮೂರು ತಾರೀಖುಗಳನ್ನು ಓದುಗರು ಒಟ್ಟಿಗೆ ಇಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ.

1957ರಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನಕ್ಕೆ ಒಂದು ಅಳತೆಗೋಲು ಹಾಕಿಕೊಟ್ಟಿತ್ತು. ದುಡಿಯುವವನ ಸಂಸಾರಕ್ಕೆ ಇಷ್ಟು ಅನ್ನ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪದ ಖರ್ಚು ಎಂದು ಲೆಕ್ಕ ಹಾಕಿದ ಅಳತೆ ಅದು. ಗಿರಣಿ ಕಾರ್ಮಿಕ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದಿಗೂ ಕೂಲಿಯ ಮಾತುಕತೆಗೆ ಕೂತಾಗ ಅದೇ ನಮ್ಮ ಆಧಾರ. ಆ ಅಳತೆಯ ಪ್ರಕಾರ ತಿಂಗಳಿಗೆ 125 ರೂಪಾಯಿ ಬೇಕೆಂದು ಕೇಂದ್ರ ಸರ್ಕಾರದ ನೌಕರರು ಕೇಳಿದರು. 1959ರ ಆಗಸ್ಟಿನಲ್ಲಿ ಎರಡನೆಯ ವೇತನ ಆಯೋಗವು 80 ರೂಪಾಯಿ ಸಾಕೆಂದಿತು. ನಾಲ್ಕೇ ತಿಂಗಳಲ್ಲಿ ದಿಲ್ಲಿಯಲ್ಲಿ ಐಸೆನ್‌ಹೋವರ್ ಅವರ ಸ್ವಾಗತ. 1960ರ ಜುಲೈ 11ರ ನಡುರಾತ್ರಿ ನೌಕರರು ಮುಷ್ಕರ ಹೂಡಿದರು. ಅದಕ್ಕೆ ಮುಂಚೆಯೇ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಮುಷ್ಕರವನ್ನು ಅಪರಾಧವೆಂದು ಸಾರಿತ್ತು. ಸಾವಿರಾರು ಜನರನ್ನು ಜೈಲಿಗೆ ತಳ್ಳಿ ಐದು ದಿನಗಳಲ್ಲಿ ಮುಷ್ಕರವನ್ನು ಮುರಿದರು. ಆರು ತಿಂಗಳು ಕಳೆಯುವಷ್ಟರಲ್ಲಿ, 1961ರ ಜನವರಿಯಲ್ಲಿ, ಬ್ರಿಟನ್ನಿನ ಎರಡನೆಯ ಎಲಿಜಬೆತ್ ರಾಣಿಯವರ ಸವಾರಿ. ಅದೇ ಫೆಬ್ರುವರಿಯಲ್ಲಿ ಅವರು ಬೆಂಗಳೂರಿಗೂ ಬಂದು ಲಾಲ್‌ಬಾಗಿನಲ್ಲಿ ಸಸಿ ನೆಟ್ಟರು.

ಚಳಿಗಾಲದಲ್ಲಿ ಬೀದಿಯನ್ನು ಸಿಂಗರಿಸುವ ಕೈ, ಮಳೆಗಾಲದಲ್ಲಿ ಅನ್ನ ಕೇಳಿದರೆ ಕೋಳಕ್ಕೆ ಅರ್ಹ! ಅತಿಥಿಗಾಗಿ ಕಚೇರಿ ಮುಚ್ಚಿದರೆ ಅದು ಸಂಸ್ಕೃತಿ. ಹೊಟ್ಟೆಗಾಗಿ ಮುಚ್ಚಿದರೆ ದೇಶದ್ರೋಹ. 1968ರ ಸೆಪ್ಟೆಂಬರ್ 19ರ ಒಂದೇ ದಿನದ ಮುಷ್ಕರಕ್ಕೂ ಮತ್ತೆ ಸುಗ್ರೀವಾಜ್ಞೆಯೇ ಉತ್ತರವಾಯಿತು. 2003ರ ಜುಲೈಯಲ್ಲಿ ತಮಿಳುನಾಡಿನಲ್ಲಿ ಸುಮಾರು 1 ಲಕ್ಷ 70 ಸಾವಿರ ನೌಕರರನ್ನು ಮುಷ್ಕರ ಹೂಡಿದ ತಪ್ಪಿಗೆ ಒಂದೇ ಏಟಿಗೆ ವಜಾ ಮಾಡಿದರು. ಮುಷ್ಕರ ಹೂಡಲು ನೌಕರನಿಗೆ ಯಾವ ಹಕ್ಕೂ ಇಲ್ಲ, ನೈತಿಕ ಹಕ್ಕು ಕೂಡ ಇಲ್ಲ ಎಂದು ಸುಪ್ರೀಂ ಕೋರ್ಟು ಆ ಆಗಸ್ಟಿನಲ್ಲಿ ಹೇಳಿಬಿಟ್ಟಿತು. ಜನಸಾಮಾನ್ಯರಿಗೆ ತೊಂದರೆಯಾಗುತ್ತದೆಂಬುದು ಆಗ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಒಳ್ಳೆಯದು. ಆ ಜನಸಾಮಾನ್ಯರು ಸ್ವಾಗತದ ದಿನ ಎಲ್ಲಿ ಮಾಯವಾಗುತ್ತಾರೆ?

ಆದರೂ ಕಾಯಿದೆಯೆಲ್ಲ ನಮ್ಮ ವಿರುದ್ಧವೇ ಇದೆಯೆಂದು ಯಾರೂ ಎದೆಗುಂದಬೇಕಾಗಿಲ್ಲ. ನೌಕರರು ಯಾವ ಬಗೆಯ ಪ್ರದರ್ಶನದಲ್ಲೂ ಭಾಗವಹಿಸಕೂಡದೆಂದು ಬಿಹಾರ ಸರ್ಕಾರ ಮಾಡಿದ್ದ ನಿಯಮವನ್ನು 1962ರಲ್ಲಿ, ಕಾಮೇಶ್ವರ ಪ್ರಸಾದ್ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಹೊಡೆದುಹಾಕಿತು. ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಪ್ರಜೆಯ ಮೂಲಭೂತ ಹಕ್ಕು ಹೋಗುವುದಿಲ್ಲ, ಶಾಂತವಾದ ಪ್ರದರ್ಶನವೂ ಒಂದು ಬಗೆಯ ಮಾತೇ ಎಂಬುದು ಆ ತೀರ್ಪಿನ ಸಾರ. 1986ರಲ್ಲಿ ಕೇರಳದ ಮೂವರು ಶಾಲಾಮಕ್ಕಳ ಮೊಕದ್ದಮೆ ಬಂತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ, ತಮ್ಮ ಮತದ ನಂಬಿಕೆಯಿಂದಾಗಿ ಹಾಡದೆ ಇದ್ದ ಮಕ್ಕಳವರು. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಕೋರ್ಟು ಹೇಳಿತು. ಮಾತನಾಡುವ ಹಕ್ಕಿನಲ್ಲಿ ಮೌನವಾಗಿರುವ ಹಕ್ಕೂ ಅಡಗಿದೆ ಎಂದಿತು. ಈ ಎರಡು ತೀರ್ಪುಗಳನ್ನು ಜೋಡಿಸಿ ನೋಡಿದರೆ ನಮ್ಮ ವಾದ ತಾನಾಗಿಯೇ ನಿಲ್ಲುತ್ತದೆ. ಕೂಗುವುದು ನನ್ನ ಮಾತಾದರೆ ಜೈಕಾರವೂ ನನ್ನ ಮಾತೇ. ನನ್ನ ಮಾತನ್ನು ನನ್ನ ಬಾಯಿಂದ ಮೇಲಧಿಕಾರಿ ಹೇಗೆ ಹೇಳಿಸಬಲ್ಲನು? ದೇಶದ ಗೀತೆಯನ್ನೇ ಬಲವಂತವಾಗಿ ಹಾಡಿಸಲು ಬಾರದಾಗ, ಪರದೇಶದ ಅಧ್ಯಕ್ಷರಿಗೆ ಬಲವಂತವಾಗಿ ಚಪ್ಪಾಳೆ ತಟ್ಟಿಸುವುದು ಯಾವ ನ್ಯಾಯ?

ಬಾಯಿಮಾತಿನ ಹುಕುಂ

ಈ ಹುಕುಮುಗಳೆಲ್ಲ ಸಾಮಾನ್ಯವಾಗಿ ಬಾಯಿಮಾತಿನವು. ಮೊದಲು ಫೋನಿನಲ್ಲಿ ಬರುತ್ತಿದ್ದವು. ಈಗ ವಾಟ್ಸಾಪಿನಲ್ಲಿ, ಹೆಸರಿಲ್ಲದೆ, ರುಜುವಿಲ್ಲದೆ, ತಾರೀಖಿಲ್ಲದೆ ಬರುತ್ತವೆ. ಬರೆದುಕೊಟ್ಟರೆ ನಾಳೆ ಯಾರಾದರೂ ಕೇಳಿಯಾರೆಂಬ ಭಯ ಮೇಲಿನವರಿಗೂ ಇದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಕೇಂದ್ರ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳ ಮೂರನೆಯ ನಿಯಮವನ್ನು ನೌಕರ ಮಿತ್ರರು ಒಮ್ಮೆ ತೆಗೆದು ಓದಬೇಕು. ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರಹದಲ್ಲಿರಬೇಕು, ಬಾಯಿಮಾತಿನ ಆಜ್ಞೆಯನ್ನು ಆದಷ್ಟೂ ತಪ್ಪಿಸಬೇಕು, ತಪ್ಪಿಸಲಾಗದೆ ಕೊಟ್ಟರೆ ಕೂಡಲೇ ಬರೆದು ದೃಢಪಡಿಸಬೇಕು, ದೃಢಪಡಿಸೆಂದು ಕೇಳುವುದು ನೌಕರನ ಕರ್ತವ್ಯ ಎಂದು ಅಲ್ಲಿ ಸ್ಪಷ್ಟವಾಗಿದೆ. ಅದೇ ನಿಯಮಾವಳಿಯ ಹದಿನಾಲ್ಕನೆಯ ನಿಯಮ ಇನ್ನೂ ಸ್ವಾರಸ್ಯದ್ದು. ಸರ್ಕಾರದ ಅನುಮತಿಯಿಲ್ಲದೆ ನೌಕರನು ತನಗಾಗಿ ಏರ್ಪಡಿಸಿದ ಸನ್ಮಾನ ಸಮಾರಂಭವನ್ನು ಒಪ್ಪಿಕೊಳ್ಳಕೂಡದಂತೆ, ಬಿನ್ನವತ್ತಳೆ ಸ್ವೀಕರಿಸಕೂಡದಂತೆ! ಅಂದರೆ ಸನ್ಮಾನವೆಂಬುದು ನೌಕರನ ಕೆಲಸದ ಭಾಗವಲ್ಲವೆಂದು ಸರ್ಕಾರವೇ ಒಪ್ಪಿಕೊಂಡಿದೆ. ಅವನಿಗೆ ಮಾಡಿಸಿಕೊಳ್ಳುವ ಹಕ್ಕಿಲ್ಲದ್ದು, ಮಾಡುವ ಬಾಧ್ಯತೆ ಮಾತ್ರ ಎಲ್ಲಿಂದ ಬಂತು?

ನಾವು ಮಾಸ್ತರಿಕೆ ಮಾಡಿದವರಾದ್ದರಿಂದ ಶಾಲೆಯ ಮಾತನ್ನೂ ಹೇಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಶಿಕ್ಷಕರನ್ನು ಪಾಠದ ಹೊರತು ಮೂರೇ ಕೆಲಸಗಳಿಗೆ ಬಳಸಿಕೊಳ್ಳಬಹುದೆಂದು ಹೇಳುತ್ತದೆ: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಪರದೇಶದ ಮುಖಂಡರ ಆಗಮನ ಈ ಮೂರರಲ್ಲಿ ಯಾವುದು? ಜನಗಣತಿಯೂ ಅಲ್ಲ, ಚುನಾವಣೆಯೂ ಅಲ್ಲ. ವಿಪತ್ತೆಂದು ಸರ್ಕಾರದವರೇ ಒಪ್ಪುವುದಾದರೆ ನಮ್ಮ ತಕರಾರಿಲ್ಲ. ಮಾಸ್ತರನ್ನು ಎಳೆದ ಮೇಲೆ ಮಕ್ಕಳೂ ಹಿಂದೆಯೇ ಬರುತ್ತಾರೆ. ಕಾಗದದ ಬಾವುಟ ಹಿಡಿದು, ಬೆಳಗಿನಿಂದ ನೀರಿಲ್ಲದೆ ರಸ್ತೆಯಂಚಿನಲ್ಲಿ ನಿಲ್ಲುವ ಮಗುವಿಗೆ ಕಡೆಗೆ ಕಾಣುವುದು ಮುಚ್ಚಿದ ಗಾಜಿನ ಕಾರೊಂದು ಕ್ಷಣಾರ್ಧದಲ್ಲಿ ಹಾದುಹೋಗುವುದು ಮಾತ್ರ. ಅದರಿಂದ ಆ ಮಗು ಕಲಿಯುವ ಪಾಠ ಯಾವುದು? ದೊಡ್ಡವರು ಹಾದುಹೋಗುವಾಗ ಚಿಕ್ಕವರು ಕಾಯಬೇಕೆಂಬ ಪಾಠ. ಪ್ರಜಾಪ್ರಭುತ್ವದ ಶಾಲೆಯಲ್ಲಿ ಆ ಪಾಠ ಇರಕೂಡದು.

ಈ ಜಾತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ಮೋಸಹೋಗುವವರು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು. ಸರ್ಕಾರಿ ಸಮಾರಂಭಕ್ಕೆ ಹೆಂಗಸರು ಬೇಕೆಂದಾಗ ಮೊದಲು ಕರೆ ಹೋಗುವುದು ಇವರಿಗೆ. ಆದರೆ ಇವರು ಸರ್ಕಾರಿ ನೌಕರರೇ? ನಮ್ಮ ಕರ್ನಾಟಕ ಸರ್ಕಾರವೇ ಕಕ್ಷಿಯಾಗಿದ್ದ ಮೊಕದ್ದಮೆಯೊಂದರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದು 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪುಕೊಟ್ಟಿತು. ಗ್ರಾಚ್ಯುಟಿ ಕೊಡಬೇಕೆಂದು ಅದೇ ಕೋರ್ಟಿನಿಂದ ಹೇಳಿಸಿಕೊಳ್ಳಲು 2022ರವರೆಗೆ ಕಾಯಬೇಕಾಯಿತು. ಸಂಬಳ ಕೇಳಿದರೆ "ನೀವು ಗೌರವಧನ ಪಡೆಯುವ ಸ್ವಯಂಸೇವಕಿಯರು" ಎಂಬ ಉತ್ತರ. ಕುರ್ಚಿ ತುಂಬಬೇಕಾದಾಗ "ನೀವು ಸರ್ಕಾರದವರು, ಬರಲೇಬೇಕು" ಎಂಬ ಆಜ್ಞೆ. ಇನ್ನು ಪೌರಕಾರ್ಮಿಕರಿಗಂತೂ ಕುರ್ಚಿಯೂ ಇಲ್ಲ. ಮೆರವಣಿಗೆಗೆ ಮುಂಚೆ ಒಮ್ಮೆ ಗುಡಿಸಬೇಕು, ಆದ ಮೇಲೆ ಹೂವನ್ನೂ ಪ್ಲಾಸ್ಟಿಕ್ ಬಾಟಲಿಗಳನ್ನೂ ಇನ್ನೊಮ್ಮೆ ಗುಡಿಸಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ಇಲ್ಲಿ ಹಿಟ್ಟಿಲ್ಲದ್ದು ಒಬ್ಬರ ಹೊಟ್ಟೆಗೆ, ಮಲ್ಲಿಗೆ ಮಾತ್ರ ಇನ್ನೊಬ್ಬರ ಜುಟ್ಟಿಗೆ.

ಕಿಟಕಿಯ ಈಚೆ ನಿಂತವರು

ಇದೆಲ್ಲ ಸರ್ಕಾರಿ ನೌಕರರ ಪಾಡು, ನಮಗೇನು ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ನೌಕರನು ನಮ್ಮನ್ನು ಕಾಯಿಸುತ್ತಾನೆ, ಲಂಚ ಕೇಳುತ್ತಾನೆ, ಅವನು ಒಂದು ದಿನ ಬಿಸಿಲಲ್ಲಿ ಕೂತರೆ ಕೂರಲಿ ಎಂಬ ಸಿಟ್ಟೂ ಕೆಲವರಿಗಿದೆ. ಆ ಸಿಟ್ಟಿಗೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಗಿರಣಿ ಕಾರ್ಮಿಕನು ಭವಿಷ್ಯನಿಧಿಯ ಕಚೇರಿಗೋ ಇಎಸ್‌ಐ ಆಸ್ಪತ್ರೆಗೋ ಹೋಗಬೇಕಾದರೆ ಒಂದು ಪಾಳಿಯ ಕೂಲಿಯನ್ನು ಕಳೆದುಕೊಂಡೇ ಹೋಗಬೇಕು. ಅಲ್ಲಿ ಮೇಜು ಖಾಲಿಯಿದ್ದರೆ ಮತ್ತೊಂದು ಪಾಳಿ ಹೋಯಿತು. ಸ್ವಾಗತಕ್ಕೆ ಹೋದ ನೌಕರನ ಆ ದಿನದ ಸಂಬಳ ನಿಲ್ಲುವುದಿಲ್ಲ; ಅವನಿಗಾಗಿ ಬಂದು ವಾಪಸಾದ ಕಾರ್ಮಿಕನ ಕೂಲಿ ನಿಲ್ಲುತ್ತದೆ. ಮೆರವಣಿಗೆಯ ಖರ್ಚಿನಲ್ಲಿ ಈ ಕೂಲಿಯನ್ನು ಯಾರೂ ಸೇರಿಸಿ ಬರೆಯುವುದಿಲ್ಲ.

ಅಂಗಡಿಯವರ ಪಾಡೂ ಅಷ್ಟೆ. 2023ರ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಜಿ-20 ಸಮ್ಮೇಳನ ಸೇರಿದಾಗ 8ರಿಂದ 10ರವರೆಗೆ ಸರ್ಕಾರಿ ಕಚೇರಿ, ಶಾಲೆಗಳಿಗೆ ರಜೆ ಕೊಟ್ಟರು. ನವದೆಹಲಿ ಜಿಲ್ಲೆಯ ಬ್ಯಾಂಕುಗಳನ್ನೂ ಅಂಗಡಿ ಮುಂಗಟ್ಟುಗಳನ್ನೂ ಮೂರು ದಿನ ಮುಚ್ಚಿಸಿದರು. ಕೊಳಚೆ ಕೇರಿಗಳಿಗೆ ಹಸಿರು ಪರದೆ ಕಟ್ಟಿದರು. ನೌಕರನಿಗೆ ರಜೆಯ ಸಂಬಳ ಸಿಕ್ಕಿತು. ತಳ್ಳುಗಾಡಿಯವನಿಗೆ, ಚಹದ ಅಂಗಡಿಯವನಿಗೆ, ಸಾಮಾನು ಹೊರುವ ಹಮಾಲನಿಗೆ ಏನು ಸಿಕ್ಕಿತು? ಅಂಗಡಿಯ ಬಾಡಿಗೆ ಮೂರು ದಿನ ರಜೆ ಹಾಕುತ್ತದೆಯೇ? ದೊಡ್ಡ ವ್ಯಾಪಾರಿ ತಡೆದುಕೊಂಡಾನು. ದಿನದ ಗಲ್ಲಾದಿಂದ ದಿನದ ಅಕ್ಕಿ ಕೊಳ್ಳುವವನು ತಡೆದುಕೊಳ್ಳಲಾರ.

ಆಕ್ಷೇಪಣೆಗಳಿಗೆ ಉತ್ತರ

"ಬೇರೆ ದೇಶಗಳಲ್ಲೂ ನೌಕರರನ್ನು ಕರೆಯುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಹೌದು, ಕರೆಯುತ್ತಾರೆ. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರ ನಿವಾಸದ ದಕ್ಷಿಣದ ಹುಲ್ಲುಹಾಸಿನ ಮೇಲೆ ಪರದೇಶದ ಮುಖಂಡರನ್ನು ಬರಮಾಡಿಕೊಳ್ಳುವಾಗ ಸರ್ಕಾರಿ ಇಲಾಖೆಗಳ ಸಿಬ್ಬಂದಿಗೂ ಅವರ ಮನೆಯವರಿಗೂ ಆಹ್ವಾನವಿರುವುದುಂಟು. ಬೇಕಾದವರು ಹೆಸರು ಕೊಟ್ಟು ಬರುತ್ತಾರೆ. ಅಲ್ಲಿ ಎಲ್ಲವೂ ಚಿನ್ನವೆಂದು ನಾವು ಹೊಗಳುವುದಿಲ್ಲ. 2006ರ ಏಪ್ರಿಲ್ 20ರಂದು ಚೀನದ ಅಧ್ಯಕ್ಷ ಹು ಜಿಂಟಾವೊ ಅವರ ಸ್ವಾಗತದಲ್ಲಿ ಹೆಂಗಸೊಬ್ಬರು ಎದ್ದು ಕೂಗಿದಾಗ ಅವರನ್ನು ಎಳೆದೊಯ್ದರು. ಆದರೆ ಬರಲೊಪ್ಪಿದವರನ್ನು ಕರೆಯುವುದು ಬೇರೆ, ಇಲಾಖೆಗೆ ಇಷ್ಟು ತಲೆಯೆಂದು ಲೇವಿ ಎತ್ತುವುದು ಬೇರೆ. ನಾವು ಕೇಳುತ್ತಿರುವುದು ಮೊದಲನೆಯದನ್ನೇ.

"ಖರ್ಚಿನ ಮಾತೆತ್ತುವುದು ಅತಿಥಿಗೆ ಅವಮಾನ" ಎಂಬುದು ಇನ್ನೊಂದು ಆಕ್ಷೇಪಣೆ. 1963ರ ಆಗಸ್ಟಿನಲ್ಲಿ ಡಾಕ್ಟರ್ ಲೋಹಿಯಾ ಅವರು ಲೋಕಸಭೆಯಲ್ಲಿ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿರುವಾಗ ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆಯೆಂದು ಎದ್ದು ನಿಂತು ಹೇಳಿದಾಗಲೂ ಅವಮಾನವೆಂಬ ಕೂಗೆದ್ದಿತ್ತು. ಮೂರಾಣೆಯಲ್ಲ ಹದಿನೈದಾಣೆ ಎಂದು ನೆಹರೂ ಅವರು ಉತ್ತರ ಕೊಟ್ಟರು. ಆಣೆ ಎಷ್ಟೇ ಆಗಿರಲಿ, ಆ ಪ್ರಶ್ನೆಯಿಂದಾಗಿ ದೇಶದ ಬಡವನ ದಿನದ ಆದಾಯ ಲೋಕಸಭೆಯಲ್ಲಿ ಚರ್ಚೆಯ ವಸ್ತುವಾಯಿತು. ಲೆಕ್ಕ ಕೇಳುವುದರಿಂದ ಯಾವ ಅತಿಥಿಗೂ ಅವಮಾನವಾಗುವುದಿಲ್ಲ. ಲೆಕ್ಕ ಮುಚ್ಚಿಡುವವರಿಗೆ ಮಾತ್ರ ಆಗುತ್ತದೆ.

ನಮ್ಮ ಬೇಡಿಕೆಗಳು

ಮುಂದೆ ಯಾವ ದೇಶದ ಯಾವ ಮುಖಂಡರೇ ಬರಲಿ, ನಮ್ಮ ಬೇಡಿಕೆಗಳು ಇವು:

1. ನೌಕರರಿಗೆ ಕೊಡುವ ಆಹ್ವಾನ ಬರಹದಲ್ಲಿರಬೇಕು. ಬರುವುದು ಬಿಡುವುದು ಅವರವರ ಇಷ್ಟವೆಂದು ಅದರಲ್ಲಿಯೇ ಬರೆದಿರಬೇಕು. ಇಲಾಖೆಗೆ ಇಷ್ಟು ಜನವೆಂಬ ನಿಗದಿಯಾಗಲಿ, ಹಾಜರಿ ಪಟ್ಟಿಯಾಗಲಿ ಕೂಡದು.

2. ಕಚೇರಿಯ ವೇಳೆಯಲ್ಲಿ ಹೋಗಬಯಸುವವರು ತಮ್ಮ ಲೆಕ್ಕದ ರಜೆ ಹಾಕಿ ಹೋಗಬೇಕು. ಜನರ ಕೆಲಸದ ಕಿಟಕಿ, ಆಸ್ಪತ್ರೆ, ಔಷಧಾಲಯ, ಶಾಲೆ ಮುಚ್ಚಕೂಡದು.

3. ಶಿಕ್ಷಕರನ್ನೂ ಶಾಲಾಮಕ್ಕಳನ್ನೂ ಸ್ವಾಗತಕ್ಕೆ ಬಳಸಿಕೊಳ್ಳಕೂಡದು.

4. ಅಂಗನವಾಡಿ, ಆಶಾ, ಗುತ್ತಿಗೆ ನೌಕರರನ್ನು ಜನ ತುಂಬಿಸಲು ಕರೆಯಕೂಡದು. ಪೌರಕಾರ್ಮಿಕರ ಹೆಚ್ಚಿನ ದುಡಿಮೆಗೆ ಹೆಚ್ಚಿನ ಕೂಲಿ ಅದೇ ತಿಂಗಳು ಸಂದಾಯವಾಗತಕ್ಕದ್ದು.

5. ಭದ್ರತೆಗಾಗಿ ಅಂಗಡಿ ಮುಚ್ಚಿಸಲೇಬೇಕಾದರೆ ಸಣ್ಣ ವ್ಯಾಪಾರಿಗಳಿಗೂ ತಳ್ಳುಗಾಡಿಯವರಿಗೂ ಪರಿಹಾರ ಕೊಡಬೇಕು.

6. ಯಾವ ಸಮಿತಿಯ ಹೆಸರಿನಲ್ಲಿ ನಡೆದರೂ, ಸಾರ್ವಜನಿಕ ಹಣದ ಪೂರ್ತಿ ಲೆಕ್ಕವನ್ನು ಸಮಾರಂಭ ಮುಗಿದ ಒಂದು ತಿಂಗಳೊಳಗೆ ಪ್ರಕಟಿಸಬೇಕು.

ಇದರಲ್ಲಿ ಆಗದಂಥದ್ದು ಯಾವುದೂ ಇಲ್ಲ. ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಆದ್ದರಿಂದ ನೌಕರ ಮಿತ್ರರಿಗೆ ನಮ್ಮ ಮೊದಲ ಮಾತು: ಹುಕುಂ ಬಂದರೆ ಜಗಳಕ್ಕೆ ಹೋಗಬೇಡಿ, ಬರಹದಲ್ಲಿ ಕೊಡಿ ಎಂದು ವಿನಯದಿಂದ ಕೇಳಿ. ಒಬ್ಬನೇ ಕೇಳಿದರೆ ಅವನಿಗೆ ವರ್ಗಾವಣೆ. ಸಂಘದ ಮೂಲಕ ಕಚೇರಿಯೆಲ್ಲ ಒಟ್ಟಾಗಿ ಕೇಳಿದರೆ ಹುಕುಮಿಗೇ ವರ್ಗಾವಣೆ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಮುಂದಿನ ಸಭೆಯಲ್ಲಿ ಈ ಆರು ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಮಂಡಿಸಿ, ಜಿಲ್ಲಾಧಿಕಾರಿಗಳಿಗೂ ನಗರಸಭೆಗೂ ಕಳುಹಿಸಿಕೊಡಬೇಕು. ನಿಮ್ಮ ಊರಿನಲ್ಲಿ ಯಾವುದೇ ಸ್ವಾಗತ ಸಮಾರಂಭ ನಡೆದರೂ, 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕಿ: ಎಷ್ಟು ನೌಕರರನ್ನು ಕರೆದಿರಿ, ಯಾರ ಆಜ್ಞೆಯಿಂದ ಕರೆದಿರಿ, ಬಸ್ಸಿಗೆ ಎಷ್ಟಾಯಿತು, ಊಟಕ್ಕೆ ಎಷ್ಟಾಯಿತು, ಆ ದಿನ ಎಷ್ಟು ಕಚೇರಿ ಮುಚ್ಚಿದ್ದವು? ಮೂವತ್ತು ದಿನಗಳೊಳಗೆ ಉತ್ತರ ಕೊಡಲೇಬೇಕು. ಅರ್ಜಿ ಬರೆಯಲು ಬಾರದವರಿಗೆ ನಮ್ಮ ಕಚೇರಿಯಲ್ಲಿ ಬರೆದುಕೊಡುತ್ತೇವೆ. ಬಂದ ಉತ್ತರಗಳನ್ನು ಒಂದಕ್ಷರ ಬಿಡದೆ ಈ ಪುಟಗಳಲ್ಲಿಯೇ ಅಚ್ಚು ಹಾಕುತ್ತೇವೆ; ಉತ್ತರ ಬಾರದಿದ್ದರೆ ಬಾರದ ಸುದ್ದಿಯನ್ನೂ ತಾರೀಖು ಸಮೇತ ಅಚ್ಚು ಹಾಕುತ್ತೇವೆ.